ನಿನ್ನೆಯ ಖಾಲಿ ಹಾಸಿಗೆ

ತುರ್ತು ಚಿಕಿತ್ಸಾ ಕೊಠಡಿಯ ಹೊರಗೆ, ಬೆಂಚಿನ ತುದಿಯಲ್ಲಿ ಮುದುಕರೊಬ್ಬರು ತುಟಿಯೊಳಗೇ ದೇವರ ಪದ್ಯ ಹೇಳಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿದ್ದ ಅಕ್ಕ ತಮ್ಮನ ಮಾತು ಕಿವಿಗೆ ಬಿದ್ದು ಪದ್ಯ ಅರ್ಧಕ್ಕೇ ನಿಂತಿತು.

“ನೀನು ಕೆಲಸ ಮಾಡೋ ದೊಡ್ಡಾಸ್ಪತ್ರೆ ವೆಬ್‌ಸೈಟಲ್ಲಿ ಹಾಸಿಗೆ ಖಾಲಿ ಇದೆ ಅಂತ ಇತ್ತು ಕಣೋ. ನಂಬಿಕೊಂಡು ಅಮ್ಮನ್ನ ಮೊದಲು ಅಲ್ಲಿಗೇ ಕರ್ಕೊಂಡು ಹೋದೆ. ಬಾಗಿಲಲ್ಲೇ ಇಲ್ಲ ಅಂದ್ರು.”

“ಅದು ನಿನ್ನೆಯ ಪುಟ, ಅಕ್ಕ.”

“ನಿನ್ನೆಯದು ಇವತ್ತು ಯಾಕೆ ಬಂತು?”

“ಎಲ್ಲರೂ ಒಟ್ಟಿಗೆ ನೋಡಿದ್ರೆ ಸರ್ವರ್ ನಿಂತುಹೋಗ್ತಿತ್ತು. ಅದಕ್ಕೇ ಅದರ ಮುಂದೆ ಪ್ರಾಕ್ಸಿ ಅಂತ ಇನ್ನೊಂದು ಕಂಪ್ಯೂಟರ್ ಕೂರಿಸಿದೆ. ಅದು ಪುಟದ ನಕಲು ಇಟ್ಕೊಂಡು, ಕೇಳಿದವರಿಗೆಲ್ಲ ದಿನವಿಡೀ ಅದನ್ನೇ ಕೊಡುತ್ತೆ.”

“ಹಾಸಿಗೇನೂ ದಿನವಿಡೀ ಖಾಲಿ ಬಿದ್ದಿರುತ್ತಾ?”

“ಹಾಸಿಗೆ ಪುಟಾನ ನಕಲು ಮಾಡದೆ ಬಿಟ್ಟುಬಿಡಬೇಕಿತ್ತು. ಜನ ಹೆಚ್ಚು ನೋಡೋದು ಅದನ್ನೇ ಅಂತ ಮೊದಲು ಅದನ್ನೇ ಸೇರಿಸಿದೆ.”

“ಈಗ ನಿನ್ನ ಸರ್ವರ್ ಆರಾಮಾಗಿದೆಯಾ?”

“ಇದೆ. ಸಾಹೇಬರು ಬೆನ್ನು ತಟ್ಟಿದ್ರು.”

“ತಟ್ಟಲಿ ಬಿಡು. ಅಲ್ಲಿಂದ ಇಲ್ಲಿಗೆ ಬರೋ ದಾರೀಲಿ ಅಮ್ಮನ ಮಾತು ನಿಂತುಹೋಯ್ತು. ಕೊನೇಲಿ ಕೇಳಿದ್ದು ನಿನ್ನನ್ನೇ.”

ಅಷ್ಟರಲ್ಲಿ ನರ್ಸ್ ಬಾಗಿಲು ಸರಿಸಿ, “ಅಮ್ಮನ ಕಡೆಯವರು ಒಬ್ಬರು ಬೇಗ ಬನ್ನಿ,” ಎಂದಳು.

ತಮ್ಮ ದಡಕ್ಕನೆ ಎದ್ದ. ಅಕ್ಕ ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಅದರಲ್ಲಿ ಹಾಸಿಗೆ ಇನ್ನೂ ಖಾಲಿಯೇ ಇತ್ತು.

“ನೀನು ಮೊದಲು ಇದನ್ನ ಅಳಿಸು. ಇನ್ಯಾರೋ ಅವರಮ್ಮನ್ನ ಕರ್ಕೊಂಡು ಹೊರಟಿರ್ತಾರೆ.”

ಅವಳು ಒಳಗೆ ಹೋದಳು. ಅವನು ಆಫೀಸಿಗೆ ಫೋನ್ ಹಚ್ಚುತ್ತ, ಮುಚ್ಚಿದ ಬಾಗಿಲನ್ನು ತಿರುತಿರುಗಿ ನೋಡುತ್ತ ಮೆಟ್ಟಿಲಿಳಿದ.