ಅಪ್ಪನ ಎತ್ತಿನ ಗೆಜ್ಜೆ

ಎಲ್ಲಮ್ಮನ ಗುಡ್ಡಕ್ಕೆ ಸಾಲಾಗಿ ಹೊರಟ ಐದು ಚಕ್ಕಡಿಗಳಲ್ಲಿ ನಾಲ್ಕೇ ಗದಗ ಮುಟ್ಟಿದ್ದವು. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಅಣ್ಣ ತಮ್ಮ ಆ ಸಾಲಿನವರು.

“ಮಲ್ಲು, ಕಡೀ ಚಕ್ಕಡಿ ಅಪ್ಪಂದು. ಅವನ ಎತ್ತಿನ ಗೆಜ್ಜಿ ಕೇಳಿಕೋಂತನ ನಾ ಮುಂದ ಹೊಡದೆ.”

“ಆ ಗೆಜ್ಜಿ ನನ್ನ ಎತ್ತಿಗೆ ಕಟ್ಟಿದ್ದೆ, ಅಣ್ಣಾ.”

“ಯಾವಾಗ ಲೇ?”

“ಹಳ್ಳದ ಇಳಿಜಾರಿನ್ಯಾಗ. ಎತ್ತು ಬೆದರಿ ಹೆಜ್ಜಿ ಇಡವಲ್ದಾಗಿತ್ತು. ಸಪ್ಪಳ ಕೇಳಿದ್ರ ನಡೀತೈತಂತ ಅಪ್ಪ ತಾನ ಬಿಚ್ಚಿ ಕೊಟ್ಟ.”

“ಕಡೀ ಚಕ್ಕಡಿ ಗೆಜ್ಜಿ ಬಿಚ್ಚಬಾರ್ದಂತ ಗೊತ್ತಿಲ್ಲೇನು? ಅಪ್ಪಗ ಫೋನ್ ಹಚ್ಚು.”

“ಅವನ ಫೋನೂ ನನ್ನ ಚೀಲದಾಗ ಐತಿ.”

ಅಣ್ಣ ಬಸ್ಸು ಬರುವ ದಾರಿ ನೋಡಿದ.

“ಮುಂಡರಗಿ ಬಸ್ಸಿನ ಡ್ರೈವರ್ ಹೇಳಿದ. ಅದ ಹಳ್ಳದ ಹತ್ರ ಒಂದೆತ್ತು ಮುರಿದ ನೊಗ ಎಳಕೊಂಡು ಅಡ್ಡಾಡಾಕ ಹತ್ತೇತಂತ.”

“ಮತ್ತ ಅಪ್ಪ?”

“ಏಳು, ಮುಂಡರಗಿ ಬಸ್ ಬಂತು.”

ಮಲ್ಲು ಗೆಜ್ಜೆ ಸರವನ್ನು ಸಪ್ಪಳವಾಗದಂತೆ ಎದೆಗೊತ್ತಿಕೊಂಡು ಬಸ್ಸು ಹತ್ತಿದ.