ಹದಿನೇಳನೆಯ ನಿಯಮ

ನನ್ನ ಹೆಸರು ಚೌಡಾಂಬಿಕಾ ರಾಮಲಿಂಗಂ. ಈ ನೂಲಿನ ಗಿರಣಿಯ ತರಬೇತಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಇಂದು ನಿವೃತ್ತಳಾಗುತ್ತಿದ್ದೇನೆ. ಅಧ್ಯಕ್ಷ ಪೀಠದಲ್ಲಿರುವ ನಿರ್ದೇಶಕರಾದ ಶ್ರೀ ವೇಲುಚ್ಚಾಮಿಯವರೇ, ಕಾರ್ಮಿಕ ಸಂಘದ ಹಿರಿಯರೇ, ಬೆಳಗಿನ ಪಾಳಿ ಮುಗಿಸಿ ತಲೆಗೂದಲಲ್ಲಿ ಹತ್ತಿಯನ್ನು ಹೊತ್ತುಕೊಂಡೇ ಬಂದಿರುವ ಸಭಿಕರೇ,

ನೀವು ಹೊದಿಸಿದ ಪೊನ್ನಾಡೆಗೆ, ಈ ಜರಿಯ ಶಾಲಿಗೆ, ನಾನು ಅರ್ಹಳೇ? ಅದನ್ನು ನೀವೇ ತೀರ್ಮಾನಿಸಿ.

ನಾನು ಓದಿದ್ದು ತಾಳವಾಡಿಯ ಕನ್ನಡ ಶಾಲೆಯಲ್ಲಿ. ಮಗ್ಗಿ ಎಲ್ಲಿ ತಪ್ಪಿದರೂ ಅಲ್ಲಿ ಒಂದರಿಂದಲೇ ಮತ್ತೆ ಹೇಳಬೇಕಾಗಿತ್ತು. ಆ ಶಿಸ್ತನ್ನು ಹಾಗೆಯೇ ಕೊಯಮತ್ತೂರಿನ ಈ ಗಿರಣಿಗೆ ತಂದೆ. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಮೊದಲ ದಿನವೇ ಯಂತ್ರದ ಮುಂದೆ ಪಾಲಿಸಬೇಕಾದ ಹತ್ತೊಂಬತ್ತು ನಿಯಮ ಬಾಯಿಪಾಠ. ಒಂದು ತಪ್ಪಿದರೂ ಮತ್ತೆ ಒಂದರಿಂದ. ನಲವತ್ತು ಕಂಠಗಳು ಒಂದೇ ಉಸಿರಿಗೆ ಒಪ್ಪಿಸುವಾಗ ನನಗೆಷ್ಟು ಹೆಮ್ಮೆ! ಮೇಸ್ತ್ರಿ ಮಾರಿಯಪ್ಪನ್ ಒಮ್ಮೆ ಹೇಳಿದ್ದರು: "ಟೀಚರಮ್ಮಾ, ನಿಮ್ ಹುಡುಗೀರು ಮಿಷನ್ ಮುಂದೆ ನಿಂತು ಸ್ತೋತ್ರ ಹೇಳ್ತವೆ, ನೂಲು ಅದರ ಪಾಡಿಗೆ ತುಂಡಾಗ್ತಾ ಇರುತ್ತೆ." ನೀವೆಲ್ಲ ಈಗ ನಕ್ಕಿರಿ. ನಾನು ಆಗ ನಗಲಿಲ್ಲ. ಒಂದು ತಿಂಗಳು ಅವರೊಡನೆ ಮಾತು ಬಿಟ್ಟೆ.

ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಬಂದ ಪೂಂಗೊಡಿ ಒಮ್ಮೆಯೂ ತಪ್ಪದೆ ಒಪ್ಪಿಸಿದಳು. ಮೂರನೆಯ ದಿನವೇ "ತರಬೇತಿ ಪೂರ್ಣ" ಎಂದು ಸಹಿ ಹಾಕಿದೆ. ಐದನೆಯ ದಿನ ಯಂತ್ರದ ಉರುಳೆಗೆ ಹತ್ತಿ ಸುತ್ತಿಕೊಂಡಿತು. ಅದನ್ನು ಬಿಡಿಸಲು ಹೋಗಿ ಬಲಗೈಯ ತೋರುಬೆರಳನ್ನು ಕಳೆದುಕೊಂಡಳು. ಮೊದಲು ಯಂತ್ರ ನಿಲ್ಲಿಸಬೇಕೆಂಬುದು ಹದಿನೇಳನೆಯ ನಿಯಮ. ಆಸ್ಪತ್ರೆಯಲ್ಲಿ ನಾನು ಅವಳನ್ನು ಗದರಿಸಿದೆ. ಹೌದು, ಗದರಿಸಿದೆ. ಅವಳು ಮೆಲ್ಲಗೆ ಹೇಳಿದಳು:

"ಒಂದರಿಂದ ಹೇಳ್ಕೊಂಡ್ ಬರ್ತಿದ್ದೆ ಟೀಚರಮ್ಮಾ. ಹನ್ನೊಂದಕ್ಕೆ ಬಂದಿದ್ದೆ."

ಸಭಿಕರೇ, ಹೊಸತನ್ನು ಕಲಿಯುವ ಮನಸ್ಸು ಒಮ್ಮೆಗೆ ಮೂರೋ ನಾಲ್ಕೋ ಸಂಗತಿಗಳನ್ನಷ್ಟೇ ಹಿಡಿದುಕೊಳ್ಳಬಲ್ಲದು. ವಿದ್ವಾಂಸರು ಇದನ್ನು ಅರಿವಿನ ಹೊರೆ ಎನ್ನುತ್ತಾರೆ. ನಾನು ಅದನ್ನು ಓದಿ ತಿಳಿದದ್ದು ಆ ಬೆರಳು ಹೋದ ಮೇಲೆ. ಮುಂದಿನ ತಂಡಕ್ಕೆ ಮೊದಲ ದಿನ ಒಂದೇ ಪಾಠ: ಯಂತ್ರ ನಿಲ್ಲಿಸುವುದು. ಬಾಯಿಯಿಂದಲ್ಲ, ಕೈಯಿಂದ. ಮರುದಿನ ನಿಂತ ಯಂತ್ರದಲ್ಲಿ ಎಳೆ ಜೋಡಿಸುವುದನ್ನು ಮುಕ್ಕಾಲು ಪಾಲು ನಾನೇ ಮಾಡಿ ತೋರಿಸಿ, ಕೊನೆಯ ಹಂತವನ್ನಷ್ಟೇ ಅವರಿಗೆ ಬಿಟ್ಟೆ. ಗೋಡೆಯ ಮೇಲಿದ್ದ ಹತ್ತೊಂಬತ್ತು ನಿಯಮಗಳ ದೊಡ್ಡ ಫಲಕವನ್ನು ಇಳಿಸಿ, ಆಯಾ ನಿಯಮವನ್ನು ಯಂತ್ರದ ಆಯಾ ಭಾಗದ ಪಕ್ಕದಲ್ಲೇ ಅಂಟಿಸಿದೆ. ಇದೇನು ಬಾಲವಾಡಿಯೇ ಎಂದು ಕಚೇರಿಯವರು ಕೇಳಿದರು. ಸಹಿ ಬಿದ್ದ ಮೇಲೂ ಯಂತ್ರದಲ್ಲಿ ಕೈ ಪಳಗಲು ಹಿಂದೆ ಅರವತ್ತು ದಿನ ಹಿಡಿಯುತ್ತಿತ್ತು; ಈ ತಂಡಕ್ಕೆ ಮೂವತ್ತೆಂಟು ದಿನ ಸಾಕಾಯಿತು, ಒಬ್ಬಳಿಗೂ ಗಾಯವಾಗಲಿಲ್ಲ.

ಆದರೆ ಪೂಂಗೊಡಿಯ ವಿಚಾರಣಾ ವರದಿ ಇಂದಿಗೂ ನಿರ್ದೇಶಕರ ಮೇಜಿನ ಮೇಲಿದೆ. "ಸ್ವಂತ ಅಜಾಗರೂಕತೆ" ಎಂದು ಬರೆದಿದೆ. ಅದಕ್ಕೆ ಸಹಿ ಬಿದ್ದರೆ ಅವಳಿಗೆ ಈ ಗಿರಣಿಯ ಬಾಗಿಲು ಮುಚ್ಚಿತು. ವರದಿಗೆ ಆಧಾರ ಯಾವುದು? ತರಬೇತಿ ಪೂರ್ಣವೆಂದು ನಾನು ಹಾಕಿದ ಸಹಿ. ಹುಡುಗಿ ಅಜಾಗರೂಕಳಾಗಿರಲಿಲ್ಲ, ನಾನು ಹೇಳಿದಂತೆಯೇ ಮಾಡಿದಳು.

ಮೂವತ್ತೊಂದು ವರ್ಷ ನನ್ನನ್ನು ಸಹಿಸಿದಿರಿ. ಎಲ್ಲರಿಗೂ ಕೃತಜ್ಞತೆ, ವಿಶೇಷವಾಗಿ ಮಾರಿಯಪ್ಪನ್ ಅವರಿಗೆ. ನಮಸ್ಕಾರ. ಇಳಿಯುವ ಮುನ್ನ ಅಧ್ಯಕ್ಷರ ಕೈಗೆ ಒಂದು ಪತ್ರ ಕೊಡುತ್ತಿದ್ದೇನೆ. ಅದರೊಂದಿಗೆ ಇರುವ ಕಾಗದಗಳು: ಹೊಸ ತಂಡದ ಮೂವತ್ತೆಂಟು ದಿನಗಳ ದಿನಚರಿ, ಹಳೆಯ ಹತ್ತೊಂಬತ್ತು ನಿಯಮಗಳ ಪಟ್ಟಿ, ಪೂಂಗೊಡಿ ಎಡಗೈಯಲ್ಲಿ ಬರೆದ ಮರುನೇಮಕದ ಅರ್ಜಿ, ಮತ್ತು ಅವಳ ತರಬೇತಿ ಪೂರ್ಣವಾಯಿತೆಂಬ ಪತ್ರ, ನನ್ನ ಸಹಿಯನ್ನು ನಾನೇ ಹೊಡೆದುಹಾಕಿದ್ದು.