ಬಿಚ್ಚಿಟ್ಟ ಗರಗಸ

ಇಂದಿನ ಪ್ರವಚನದಲ್ಲಿ ಸತ್ಯದ ವಿಷಯ ಮಾತಾಡುತ್ತಿದ್ದೆವು. ಸುಳ್ಳು ಹೇಳಬಾರದು ಎಂದೆ, ನೀವೆಲ್ಲ ತಲೆಯಾಡಿಸಿದಿರಿ. ಹಿಂದಿನ ಸಾಲಿನವರಂತೂ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಅದು ಭಕ್ತಿಯೋ ತೂಕಡಿಕೆಯೋ ನನಗೆ ತಿಳಿಯದು. ಇರಲಿ. ಈಗ ಸ್ವಲ್ಪ ಎಚ್ಚರವಾಗಿ ಕೂತುಕೊಳ್ಳಿ. ಹುಟ್ಟಿದಾರಭ್ಯ ಒಂದೇ ಒಂದು ಸುಳ್ಳು ಹೇಳದ ಸಾಹುಕಾರನೊಬ್ಬನ ಕಥೆ ಹೇಳುತ್ತೇನೆ.

ಕಾಡಂಚಿನ ಒಂದೂರು. ಆ ಊರಿಗೆಲ್ಲ ಅವನದೇ ದೊಡ್ಡ ಮನೆ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು, ಅವನು ಯಾರ ಪೈಕಿ, ಯಾರಿಗೆ ಬೀಗ ಎಂದು ಲೆಕ್ಕ ಹಾಕುತ್ತ ಕೂರುತ್ತೀರಿ. ಅವನ ತಾಯಿಯ ಹೆಸರು ಮಾತ್ರ ಹೇಳುತ್ತೇನೆ, ನೀಲಾಂಬಿಕೆ. ದೊಡ್ಡ ಜೀವ. ಆಕೆ ಪ್ರಾಣ ಬಿಡುವಾಗ ಮಗನ ಕೈ ಹಿಡಿದುಕೊಂಡು, "ಮಗಾ, ಸುಳ್ಳು ಹೇಳಬೇಡ" ಎಂದಳು. ಮಗ ಕಣ್ಣೀರು ಹಾಕುತ್ತ ಭಾಷೆ ಕೊಟ್ಟ. ಕೊಟ್ಟ ಭಾಷೆ ಉಳಿಸಿಕೊಂಡನೇ? ಉಳಿಸಿಕೊಂಡ. ಹೇಗೆ ಉಳಿಸಿಕೊಂಡ ಎನ್ನುವುದೇ ಕಥೆ.

ದೊಡ್ಡ ಮನೆಯೆಂದರೆ ಸಾಮಾನು ಸರಂಜಾಮು ಇರುತ್ತದೆ. ಏಣಿ, ಹಾರೆ, ಗುದ್ದಲಿ, ಕೊಪ್ಪರಿಗೆ, ಗರಗಸ. ಇಲ್ಲದವರು ಕೇಳಿಕೊಂಡು ಬರುತ್ತಾರೆ. ಕೊಟ್ಟರೆ ವಸ್ತು ಸವೆಯುತ್ತದೆ, ಸಾಹುಕಾರನ ಜೀವ ಅದಕ್ಕಿಂತ ಹೆಚ್ಚು ಸವೆಯುತ್ತದೆ. ಇಲ್ಲ ಎಂದರೆ ಸುಳ್ಳಾಗುತ್ತದೆ, ತಾಯಿಗೆ ಕೊಟ್ಟ ಭಾಷೆ ಮುರಿಯುತ್ತದೆ. ಏನು ಮಾಡಬೇಕು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇಡ, ಹೇಳಬೇಡಿ. ಪಕ್ಕದಲ್ಲಿ ಮನೆಯವರು ಕೂತಿದ್ದಾರೆ.

ಅವನು ಎಲ್ಲವನ್ನೂ ಬಿಚ್ಚಿಟ್ಟ. ನೋಡಿ, ಎಂಥ ತಲೆ! ಏಣಿಯ ಎರಡು ಗಳ ಕೊಟ್ಟಿಗೆಯ ಹಿಂದೆ, ಮೆಟ್ಟಿಲುಗಳು ಅಟ್ಟದ ಮೇಲೆ. ಗುದ್ದಲಿಯ ಮರದ ಕಾವು ಒಂದು ಕಡೆ, ಅದರ ಕಬ್ಬಿಣ ಇನ್ನೊಂದು ಕಡೆ. ಒರಳು ಹಿತ್ತಿಲಲ್ಲಿ, ಅದರ ಗುಂಡು ದೇವರ ಕೋಣೆಯಲ್ಲಿ. ಬಂದ ನೆಂಟರು ಆ ಗುಂಡಿಗೂ ಕೈ ಮುಗಿದು ಹೋಗುತ್ತಿದ್ದರು. ಗರಗಸದ ಚೌಕಟ್ಟು ಉಗ್ರಾಣದಲ್ಲಿ, ಅದರ ಅಲಗು ಅಟ್ಟದಲ್ಲಿ. ಯಾರಾದರೂ ಬಂದು "ಸಾವ್ಕಾರ್ರೆ, ಏಣಿ ಇದ್ಯಾ?" ಎಂದರೆ ಅವನು ಎದೆಯ ಮೇಲೆ ಕೈಯಿಟ್ಟು, "ನಮ್ಮವ್ವನಾಣೆ, ಈ ಮನೇಲಿ ಏಣಿ ಇಲ್ಲ" ಎನ್ನುತ್ತಿದ್ದ. ನಿಜವೇ ತಾನೆ? ಎರಡು ಗಳ ಏಣಿಯೇ? ಹತ್ತು ಮರದ ತುಂಡು ಏಣಿಯೇ? ಉಗ್ರಾಣದ ಕೀಲಿ, ಅಟ್ಟದ ಕೀಲಿ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಸತ್ಯವಂತನಾಗಿ ಓಡಾಡಿಕೊಂಡಿದ್ದ. ಹೆಂಡತಿಯ ಪಾಡು ಮಾತ್ರ ಕೇಳಬೇಡಿ. ಒಂದು ಚಟ್ನಿ ರುಬ್ಬಬೇಕೆಂದರೆ ಸ್ನಾನ ಮಾಡಿ ಮಡಿಯಲ್ಲಿ ದೇವರ ಕೋಣೆಗೆ ಹೋಗಬೇಕು.

ಅದೇ ಊರಲ್ಲಿ ಪುಟ್ಟಮಾದಮ್ಮ ಎಂಬುವಳು ಬಿದಿರು ಸೀಳಿ ಮೊರ, ಮಕ್ಕರಿ ಹೆಣೆದು ಬದುಕುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಮೇಕೆ ಕೊಟ್ಟಿಗೆಯ ಮೇಲೆ ಹುಣಸೆಯ ದೊಡ್ಡ ಕೊಂಬೆ ಮುರಿದು ಬಿತ್ತು. ಒಳಗೆ ಮೇಕೆಗಳು ಅರಚುತ್ತಿವೆ. ಓಡಿ ಬಂದು ಸಾಹುಕಾರನ ಬಾಗಿಲಲ್ಲಿ ನಿಂತು ಗರಗಸ ಕೇಳಿದಳು. ಅವನು ಎದೆಯ ಮೇಲೆ ಕೈಯಿಟ್ಟ. ಇಲ್ಲ ಎಂದ. ಅವಳು ವಾಪಸು ಹೋಗಿ, ಬಿದಿರು ಸೀಳುವ ಮಚ್ಚಿನಲ್ಲೇ ಎರಡು ದಿನ ಕೊಂಬೆ ಕಡಿದಳು. ಒಂದು ಮೇಕೆ ಸತ್ತಿತು. ಸಾಹುಕಾರ ಆ ರಾತ್ರಿಯೂ ಚೆನ್ನಾಗಿಯೇ ನಿದ್ದೆ ಮಾಡಿದ. ಯಾಕೆ ಮಾಡಬಾರದು? ಸುಳ್ಳು ಹೇಳಿರಲಿಲ್ಲವಲ್ಲ.

ಹೀಗಿರುವಾಗ ಸಾಹುಕಾರನ ಒಬ್ಬಳೇ ಮಗಳಿಗೆ ಹೆಣ್ಣು ಮಗು ಆಯಿತು. ನಾಮಕರಣವನ್ನು ಬೀಗರು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಅವರಲ್ಲಿ ಒಂದು ಪದ್ಧತಿ. ತಾಯಿಯ ತಂದೆ ಮಗುವಿನ ಕಿವಿಯಲ್ಲಿ ಮೊದಲು ಯಾವ ಹೆಸರು ಹೇಳುತ್ತಾನೋ ಅದೇ ಹೆಸರು. ಮುಹೂರ್ತಕ್ಕೆ ಅವನು ಬಾರದೆ ಹೋದರೆ ತಂದೆಯ ತಂದೆ ಹೇಳುತ್ತಾನೆ, ಅದೇ ಖಾಯಂ. ಸಾಹುಕಾರನಿಗೆ ತನ್ನ ತಾಯಿಯ ಹೆಸರಿಡುವ ಆಸೆ. ಬರಿಯ ಆಸೆಯಲ್ಲ, ಮೂರು ತಿಂಗಳಿಂದ ಅದನ್ನೇ ಕನವರಿಸುತ್ತಿದ್ದ. ಅತ್ತ ಬೀಗರಿಗೂ ಒಬ್ಬ ತಾಯಿ ಇದ್ದಳಲ್ಲ, ಬಸಮ್ಮಣ್ಣಿ ಎಂದು. ಅವರೂ ಗಡಿಯಾರ ನೋಡುತ್ತ ಕೂತಿದ್ದರು.

ಆ ದಿನ ಬೆಳಿಗ್ಗೆ ಸಾಹುಕಾರ ಹೊಸ ಜರಿಪೇಟ ಸುತ್ತಿ, ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ತಾನೇ ಓಡಿಸುತ್ತ ಹೊರಟ. ಹೊರಡುವ ಮುಂಚೆ ಅವನಿಗೆ ಒಂದು ಚಿಂತೆ ಹತ್ತಿತು. ತಾನು ಇಲ್ಲದಾಗ ಆಳುಗಳು ಅಟ್ಟ ಹತ್ತಿ, ಉಗ್ರಾಣ ತೆರೆದು, ಗರಗಸ ಜೋಡಿಸಿ ಯಾರಿಗಾದರೂ ಕೊಟ್ಟುಬಿಟ್ಟರೆ? ಕೀಲಿ ಎರಡೂ ಸೊಂಟದಲ್ಲೇ ಇದ್ದವು, ಆದರೂ ಧೈರ್ಯ ಸಾಲಲಿಲ್ಲ. ಅಲಗನ್ನು ಹಳೇ ಪಂಚೆಯಲ್ಲಿ ಸುತ್ತಿ ಕಾರಿನ ಸೀಟಿನ ಕೆಳಗೆ ಇಟ್ಟುಕೊಂಡ. ಮೊಮ್ಮಗಳ ನಾಮಕರಣಕ್ಕೆ ಗರಗಸದ ಅಲಗು ಹಿಡಿದುಕೊಂಡು ಹೋದ ತಾತ ಲೋಕದಲ್ಲಿ ಅವನೊಬ್ಬನೇ ಇರಬೇಕು.

ಕಾಡಿನ ದಾರಿಯಲ್ಲಿ ಅರ್ಧ ಗಂಟೆ ಹೋಗಿರಬಹುದು. ತಿರುವಿನಲ್ಲಿ ಒಂದು ಹೊನ್ನೆ ಮರ ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಭಾರಿ ಮರವೇನಲ್ಲ, ತೊಡೆ ಗಾತ್ರದ್ದು. ಆದರೆ ಬೇರು ಇನ್ನೂ ರಸ್ತೆ ಬದಿಯ ದರೆಯನ್ನು ಕಚ್ಚಿಕೊಂಡಿತ್ತು, ನೂಕಿದರೆ ಅಲುಗಲಿಲ್ಲ. ಗಂಟೆ ಒಂಬತ್ತೂವರೆ. ಮುಹೂರ್ತ ಹನ್ನೊಂದೂವರೆಗೆ. ಬೀಗರ ಊರಿಗೆ ಇನ್ನೂ ಒಂದು ಗಂಟೆಯ ಹಾದಿ. ಸಾಹುಕಾರ ಮರವನ್ನು ನೂಕಿದ, ಬೈದ, ಕಾಲಲ್ಲಿ ಒದ್ದ. ಒದ್ದ ಕಾಲು ನೋಯಿತು. ಹೆಂಡತಿ ಕಾರಿನೊಳಗೇ ಕೂತು, ಸೀಟಿನ ಕೆಳಗೆ ಒಮ್ಮೆ, ಗಂಡನ ಮುಖ ಒಮ್ಮೆ ನೋಡುತ್ತಿದ್ದಳು.

"ಏನೂಂದ್ರೆ, ಆ ಅಲಗು..."

"ಚೌಕಟ್ಟಿಲ್ಲದೆ ಅಲಗು ಇಟ್ಕೊಂಡು ಏನ್ಮಾಡ್ತೀಯೆ? ಸುಮ್ನಿರು."

ಅಷ್ಟರಲ್ಲಿ ಸಂತೆಗೆಂದು ತಲೆಯ ಮೇಲೆ ಮೊರದ ಹೊರೆ ಹೊತ್ತು, ಸೊಂಟದಲ್ಲಿ ಮಚ್ಚು ಸಿಕ್ಕಿಸಿಕೊಂಡು, ಎಲೆಯಡಿಕೆ ಅಗಿಯುತ್ತ ಬಂದವಳು ಯಾರು? ಪುಟ್ಟಮಾದಮ್ಮ. ಕಾಡಲ್ಲಿ ಸಿಗುವುದಕ್ಕೆ ಅವನಿಗೆ ಬೇರೆ ಯಾರೂ ಇರಲಿಲ್ಲವೇ ಎನ್ನುತ್ತೀರಿ. ಇದ್ದರು. ಆದರೆ ಬರಬೇಕಾದವರೇ ಬರುತ್ತಾರೆ.

ಅವಳು ಮರ ದಾಟಿ ತನ್ನ ಪಾಡಿಗೆ ತಾನು ಹೋಗಬಹುದಿತ್ತು. ಹೋಗಲಿಲ್ಲ. ಹೊರೆ ಇಳಿಸಿ ಮರದ ಗಾತ್ರ ನೋಡಿದಳು, ಪೇಟ ನೋಡಿದಳು, ವಿಷಯ ಕೇಳಿ ತಿಳಿದುಕೊಂಡಳು.

"ಮಚ್ಚಲ್ಲಿ ಕಡುದ್ರೆ ಮಧ್ಯಾನ್ನ ಆಯ್ತದೆ. ಗರಗಸ ಐತಾ ಸಾವ್ಕಾರ್ರೆ?"

ಅಭ್ಯಾಸ ನೋಡಿ, ಅಭ್ಯಾಸ! ಕೈ ತಾನಾಗಿ ಎದೆಯ ಮೇಲೆ ಹೋಯಿತು. "ನಮ್ಮವ್ವನಾಣೆ, ನನ್ನತ್ರ ಗರಗಸ ಇಲ್ಲ" ಎಂದುಬಿಟ್ಟ. ಕಾರಿನೊಳಗಿಂದ ಹೆಂಡತಿ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಪುಟ್ಟಮಾದಮ್ಮ ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು, ನಿಧಾನಕ್ಕೆ ಇನ್ನೊಂದು ಪ್ರಶ್ನೆ ಕೇಳಿದಳು. "ಗರಗಸ ಬ್ಯಾಡ ಬುಡಿ. ಅಲಗು ಐತಾ?"

ಇಷ್ಟು ವರ್ಷಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಇದೆ ಎಂದರೆ ಮಾನ ಹೋಗುತ್ತದೆ. ಇಲ್ಲ ಎಂದರೆ ತಾಯಿಯ ಆಣೆ ಹೋಗುತ್ತದೆ. ಸುಮ್ಮನಿದ್ದರೆ ಮೊಮ್ಮಗಳು ಬಸಮ್ಮಣ್ಣಿಯಾಗುತ್ತಾಳೆ! ಹೊತ್ತು ಹೋಗುತ್ತಿತ್ತು. ಜರಿಪೇಟದ ಕೆಳಗೆ ಬೆವರು ಇಳಿಯಿತು. ಕೊನೆಗೆ ಅವನು ಕಾರಿಗೆ ಹೋಗಿ, ಸೀಟಿನ ಕೆಳಗಿಂದ ಪಂಚೆಯ ಗಂಟು ತಂದು ಅವಳ ಮುಂದಿಟ್ಟ. ನೆಲ ನೋಡುತ್ತ ಕೇಳಿದ, "ನಿಂಗೆ ಹೆಂಗೆ ಗೊತ್ತು?"

"ಊರ್ಗೆಲ್ಲ ಗೊತ್ತು ಸಾವ್ಕಾರ್ರೆ."

"ಮತ್ತೆ ಅವತ್ತೇ ಯಾಕೆ ಅಲಗು ಕೇಳ್ಲಿಲ್ಲ?"

"ಕೇಳಿದ್ರೆ ನೀವು ಅದ್ನೂ ಮುರ್ದು ಎಲ್ಡು ಮಾಡಿ ಮಡಗ್ತಿದ್ರಿ."

ಅವಳು ಕೆಲಸಕ್ಕೆ ನಿಂತಳು. ಮಚ್ಚಿನಲ್ಲಿ ಮೊಳಕ್ಕಿಂತ ಉದ್ದದ ಎರಡು ಗಟ್ಟಿ ಕೋಲು ಕಡಿದು, ಎರಡರ ಕೆಳತುದಿಯನ್ನೂ ಸೀಳಿದಳು. ಆ ಸೀಳುಗಳಲ್ಲಿ ಅಲಗಿನ ಎರಡು ತುದಿ ಕೂರಿಸಿದಳು. ಕೋಲುಗಳ ನಡುವೆ ಅಡ್ಡಕ್ಕೆ ಇನ್ನೊಂದು ಕೋಲು, ಅದು ಜಾರದ ಹಾಗೆ ಎರಡು ಕಡೆ ಕಚ್ಚು. ಸೀಳಿನಾಚೆ ಚಾಚಿದ ಅಲಗಿನ ತುದಿಗಳಲ್ಲಿ ತೂತಿತ್ತು, ಕಳಚದಿರಲು ಅದಕ್ಕೆ ಮೊಳೆ ಬೇಕು. ಮೊಳೆ ಎಲ್ಲಿದೆ? ಅವಳ ಕಣ್ಣು ಸಾಹುಕಾರನ ಸೊಂಟದ ಮೇಲೆ ಬಿತ್ತು. ಅಟ್ಟದ ಕೀಲಿ ಒಂದು ತೂತಿಗೆ, ಉಗ್ರಾಣದ ಕೀಲಿ ಇನ್ನೊಂದು ತೂತಿಗೆ ಹೋದವು. ಆ ಎರಡು ಕೀಲಿ ಒಂದು ಕೆಲಸಕ್ಕೆಂದು ಜೊತೆಗೂಡಿದ್ದು ಅದೇ ಮೊದಲು.

"ಈಗ ಹಗ್ಗ ಬೇಕು."

ಹಗ್ಗ ಇರಲಿಲ್ಲ. ಹಗ್ಗ ಮನೆಯಲ್ಲಿತ್ತು, ಮೂರು ಎಳೆಯಾಗಿ ಬಿಚ್ಚಿ ಮೂರು ಕಡೆ. ಹೆಂಡತಿ ಕಾರಿನಿಂದ ಇಳಿದು ಬಂದವಳೇ ಗಂಡನ ತಲೆಯಿಂದ ಜರಿಪೇಟ ಎತ್ತಿ ಪುಟ್ಟಮಾದಮ್ಮನ ಕೈಗೆ ಕೊಟ್ಟಳು. ಪುಣ್ಯಾತ್ಗಿತ್ತಿ, ಎಷ್ಟು ವರ್ಷದ ಚಟ್ನಿಯ ಸಿಟ್ಟೋ! ಪುಟ್ಟಮಾದಮ್ಮ ಪೇಟವನ್ನು ಕೋಲುಗಳ ಮೇಲ್ತುದಿಗೆ ಎರಡು ಸುತ್ತು ಕಟ್ಟಿ, ನಡುವೆ ಒಂದು ಗಿಡ್ಡ ಕಡ್ಡಿ ತೂರಿಸಿ ತಿರುವುತ್ತ ಹೋದಳು. ಪೇಟ ಹುರಿಗೊಂಡು ಮೇಲ್ತುದಿಗಳು ಒಳಕ್ಕೆ ಬಂದವು, ಕೆಳತುದಿಗಳು ಹೊರಕ್ಕೆ ಹೋದವು, ಅಲಗು ಬಿಗಿಯಾಗಿ ಟಣ್ ಎಂದಿತು. ಕಡ್ಡಿಯನ್ನು ಅಡ್ಡಕೋಲಿಗೆ ಆನಿಸಿ ನಿಲ್ಲಿಸಿದಳು. ಗರಗಸ ತಯಾರಾಯಿತು.

ಆ ಕಡೆ ಅವಳು, ಈ ಕಡೆ ಸಾಹುಕಾರ ಹಿಡಿದು ಕೂತರು. ಎರಡು ಎಳೆತಕ್ಕೇ ಗರಗಸ ಸಿಕ್ಕಿಕೊಂಡಿತು.

"ನಾ ಎಳ್ಯುವಾಗ ನೀವು ಸಡ್ಲ ಬುಡಬೇಕು ಸಾವ್ಕಾರ್ರೆ."

"ಬಿಡ್ತಾನೇ ಇದೀನಲ್ಲ!"

"ಎಲ್ಲಿ ಬುಡ್ತಿದೀರಿ? ಕೈ ನೋಡ್ಕಳಿ."

ಅವನು ಕೈ ನೋಡಿಕೊಂಡ. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ಬಿಡುವುದೆಂದರೆ ಹೇಗೆ ಎಂದು ಆ ಕೈಗೆ ಗೊತ್ತೇ ಇರಲಿಲ್ಲ ಪಾಪ. ಕಲಿಯುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಕಲಿತ ಮೇಲೆ ಗರಗಸ ಸರಸರ ಓಡಿತು, ಮರ ಎರಡಾಯಿತು. ಮೂವರೂ ಸೇರಿ ತುದಿಯ ತುಂಡನ್ನು ಬದಿಗೆ ಎಳೆದು ಹಾಕಿದರು. ಗಂಟೆ ಹತ್ತು ದಾಟಿ ಐದು ನಿಮಿಷವಾಗಿತ್ತು, ಅಷ್ಟೇ. ಸಾಹುಕಾರ ಮಗುವಿನ ಹಾಗೆ ನಕ್ಕುಬಿಟ್ಟ.

ಆಗ ಪುಟ್ಟಮಾದಮ್ಮ ಏನು ಮಾಡಿದಳು ಗೊತ್ತೇ? ಗಿಡ್ಡ ಕಡ್ಡಿಯನ್ನು ಎಳೆದಳು. ಹುರಿ ಗಿರಗಿರನೆ ಬಿಚ್ಚಿಕೊಂಡು ಕೋಲುಗಳು ಕಳಚಿ ಬಿದ್ದವು. ಅಲಗನ್ನು ಪಂಚೆಯಲ್ಲಿ ಸುತ್ತಿ, ಮೇಲೆ ಎರಡು ಕೀಲಿ ಇಟ್ಟು, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ತಕ್ಕಳಿ ಸಾವ್ಕಾರ್ರೆ. ಈಗ ನಿಮ್ಮತ್ರ ಗರಗಸ ಇಲ್ಲ."

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವನು ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದ. ಕೀಲಿ ಹಿಡಿದು ನಿಂತವನ ಕಿವಿಯಲ್ಲಿ, ಎಷ್ಟೋ ವರ್ಷಗಳ ಮೇಲೆ, ತಾಯಿಯ ಕೊನೆಯ ಮಾತು ಕೇಳಿಸಿತು. ಈ ಸಲ ಪೂರ್ತಿ ಕೇಳಿಸಿತು. "ಮಗಾ, ಸುಳ್ಳು ಹೇಳಬೇಡ. ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸಬೇಡ." ಆಕೆ ಹೇಳಿದ್ದು ಒಂದೇ ಉಸಿರಿನಲ್ಲಿ. ಅದನ್ನೂ ಬಿಚ್ಚಿ ಅರ್ಧ ಎದೆಯ ಮೇಲೆ ಇಟ್ಟುಕೊಂಡು, ಇನ್ನರ್ಧವನ್ನು ಅಟ್ಟಕ್ಕೆ ಎಸೆದವನು ಅವನೇ. ಆ ಅಟ್ಟಕ್ಕೆ ಕೀಲಿಯೂ ಇರಲಿಲ್ಲ. ಅವನಿಗೆ ಅಳು ಬಂತು. ನಾಚಿಕೆಯೂ ಬಂತು.

"ನಿನ್ನ ಮೇಕೆ..." ಎಂದ.

"ಹೊತ್ತಾಯ್ತದೆ, ಹೊಂಡಿ" ಎಂದಳು ಅವಳು.

"ಇಲ್ಲ ಕಣವ್ವ. ಇದನ್ನ ಮತ್ತೆ ಜೋಡಿಸಿಕೊಡು. ಹಂಗೇ ತಗೊಂಡೋಗ್ತೀನಿ."

ಹನ್ನೊಂದೂಕಾಲಿಗೆ ಬೀಗರ ಮನೆಯ ಮುಂದೆ ಕಾರು ನಿಂತಿತು. ಬರಿತಲೆಯ ಸಾಹುಕಾರ ಇಳಿದ, ಕೈಯಲ್ಲಿ ಜರಿಪೇಟ ಹುರಿಮಾಡಿದ ಗರಗಸ. ಬೀಗರು ಎದ್ದು ನಿಂತು ಎರಡು ಹೆಜ್ಜೆ ಹಿಂದೆ ಸರಿದರು. ಹೆಸರಿನ ವಿಷಯಕ್ಕೆ ಇಷ್ಟು ದೂರ ಹೋಗುತ್ತಾನೆಂದು ಅವರು ಅಂದುಕೊಂಡಿರಲಿಲ್ಲ. ಸಾಹುಕಾರ ಗರಗಸವನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು ಬಂದು, ಮೊಮ್ಮಗಳ ಕಿವಿಯ ಬಳಿ ಬಗ್ಗಿದ. ನೀಲಾಂಬಿಕೆ ಎಂದ. ಮೂರು ಸಲ ಹೇಳಿದ.

ಅವನು ಅಂದಿನಿಂದ ಮಹಾತ್ಮನಾದ ಎಂದು ನಾನು ಹೇಳುವುದಿಲ್ಲ, ನೀವೂ ನಂಬುವುದಿಲ್ಲ. ಏಣಿಯ ಮೆಟ್ಟಿಲು ಅಟ್ಟದಿಂದ ಇಳಿಯಲು ಇನ್ನೂ ಒಂದು ವರ್ಷ ಬೇಕಾಯಿತು. ಆದರೆ ಆ ಗರಗಸ ಮರುದಿನದಿಂದಲೇ ಜಗಲಿಯ ಗೂಟದಲ್ಲಿ, ಜೋಡಿಸಿದ ಹಾಗೆಯೇ, ಬೀದಿಗೆ ಕಾಣುವಂತೆ ನೇತಾಡಿತು. ಅದನ್ನು ಮೊದಲು ಒಯ್ದವಳು ಪುಟ್ಟಮಾದಮ್ಮ, ಮೇಕೆ ಕೊಟ್ಟಿಗೆಗೆ ಹೊಸ ಕಂಬ ಕುಯ್ಯಲು. ಕೀಲಿಗಳು ಅದರಲ್ಲೇ ಇದ್ದುದರಿಂದ ಉಗ್ರಾಣಕ್ಕೂ ಬೀಗ ಹಾಕುವ ಹಾಗಿರಲಿಲ್ಲ.

ನಗುತ್ತಿದ್ದೀರಿ. ನಗಿ, ಚೆನ್ನಾಗಿ ನಗಿ. ಸಾಹುಕಾರನನ್ನು ಇಲ್ಲಿಗೆ ಬಿಡೋಣ. ಈಗ ನೀವು ಹೇಳಿ. ಯಾರೋ ಬರುವುದು ಕಿಟಕಿಯಲ್ಲಿ ಕಂಡರೆ ಹಿತ್ತಿಲಿಗೆ ಹೋಗಿ ನಿಂತು, "ಯಜಮಾನ್ರು ಮನೆ ಒಳಗಿಲ್ಲ" ಎಂದು ಹೇಳಿಸುವವರು ಯಾರು? ಬಸ್ಸಿನಲ್ಲಿ ಸೀಟಿನ ಮೇಲೆ ಚೀಲ ಇಟ್ಟು, "ಇಲ್ಲಿ ಜಾಗ ಇಲ್ಲ" ಎನ್ನುವವರು ಯಾರು? ಜಾಗ ಇಲ್ಲ, ನಿಜ, ಚೀಲ ಇದೆಯಲ್ಲ! ಅಣ್ಣತಮ್ಮಂದಿರು ಕಷ್ಟದಲ್ಲಿದ್ದಾಗ, "ನನಗೆ ಗೊತ್ತೇ ಇರಲಿಲ್ಲ" ಎನ್ನಲು ಅನುಕೂಲವಾಗಲಿ ಎಂದು ವಿಚಾರಿಸದೇ ಇದ್ದವರು ಯಾರು? ಒಬ್ಬರೂ ಸುಳ್ಳು ಹೇಳಿಲ್ಲ. ಎಲ್ಲರೂ ಬಿಚ್ಚಿಟ್ಟಿದ್ದೀರಿ, ಅಷ್ಟೇ. ಬಂದವರಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೀರಾ? ಊರಿಗೆಲ್ಲ ಗೊತ್ತು.

ಅದಕ್ಕೇ ಹೇಳುತ್ತೇನೆ, ದೊಡ್ಡ ವ್ರತವೇನೂ ಬೇಡ. ನಾಳೆ ಹೊತ್ತು ಮುಳುಗುವುದರೊಳಗೆ ಮನೆಯಲ್ಲಿ ಬಿಚ್ಚಿಟ್ಟ ಒಂದೇ ಒಂದು ವಸ್ತು ಹುಡುಕಿ, ಜೋಡಿಸಿ, ನಾಲ್ಕು ಜನಕ್ಕೆ ಕಾಣುವ ಕಡೆ ಇಡಿ. ಯಾರಾದರೂ ಬಂದು ಕೇಳಿದಾಗ ಅವರ ಮಾತಿಗೆ ಉತ್ತರ ಹುಡುಕಬೇಡಿ, ಅವರಿಗೆ ಏನು ಬೇಕಾಗಿದೆ ಎಂದು ನೋಡಿ. ಕೊಡುವಾಗ ಕೈ ಸಡಿಲ ಬಿಡಿ. ನಮ್ಮ ಮಠದ ಏಣಿಯ ಮೆಟ್ಟಿಲುಗಳು ಎಲ್ಲಿವೆ ಎಂದು ಕಾರ್ಯದರ್ಶಿಗಳು ಆಮೇಲೆ ನನಗೊಬ್ಬನಿಗೇ ಹೇಳಲಿ, ಸಾಕು.

ಹೊರಗೆ ಹನಿ ಶುರುವಾಗಿದೆ. ಎಷ್ಟು ಜನ ಕೊಡೆ ತಂದಿದ್ದೀರಿ ಎಂದು ಇಲ್ಲಿಂದಲೇ ನನಗೆ ಕಾಣುತ್ತಿದೆ. ಚೀಲದ ತಳಕ್ಕೆ ತಳ್ಳುತ್ತಿರುವುದೂ ಕಾಣುತ್ತಿದೆ. ಏಳಿ, ಬಾಗಿಲಲ್ಲಿ ನೆನೆಯುತ್ತ ನಿಂತವರ ಪಕ್ಕಕ್ಕೆ ಹೋಗಿ, ಅವರು ಕೇಳುವ ಮುಂಚೆಯೇ ಕೊಡೆ ಬಿಡಿಸಿ.